ಹೃದಯದ ಲಯದೋಷಕ್ಕೆ ಶೈತ್ಯಚಿಕಿತ್ಸೆ

ರೋಗಿಯ ಮುಂಗೈಯನ್ನು ಹಿಡಿದು ನಾಡಿ ನೋಡುವುದು ವೈದ್ಯವೃತ್ತಿಯ ಅತಿ ಪ್ರಾಚೀನ ಕ್ರಿಯೆಗಳಲ್ಲೊಂದು. ನಾಡಿಯು ನಿಮಿಷಕ್ಕೆ ಎಷ್ಟು ಬಾರಿ ಮಿಡಿಯುತ್ತದೆ ಎಂಬುದರ ಜೊತೆಗೆ ಅದರ ಮಿಡಿತ ಸಮವಾಗಿದೆಯೇ ಎಂಬುದನ್ನೂ ಬೆರಳು ಗುರುತಿಸಬಲ್ಲದು. ಒಂದು ಮಿಡಿತಕ್ಕೂ ಮುಂದಿನದಕ್ಕೂ ನಡುವೆ ಯಾವ ನಿಯಮವೂ ಇಲ್ಲದೆ, ಒಮ್ಮೆ ಬೇಗ ಒಮ್ಮೆ ತಡವಾಗಿ, ಒಮ್ಮೆ ಬಲವಾಗಿ ಒಮ್ಮೆ ಕ್ಷೀಣವಾಗಿ ನಾಡಿ ಆಡುತ್ತಿದ್ದರೆ, ಅದಕ್ಕೆ ಬಹುಮಟ್ಟಿಗೆ ಕಾರಣ ಹೃತ್ಕರ್ಣ ಕಂಪನವೆಂಬ ಲಯದೋಷ. ವೈದ್ಯರು ಇದನ್ನು ಏಟ್ರಿಯಲ್ ಫಿಬ್ರಿಲೇಷನ್ ಎಂದು ಕರೆಯುತ್ತಾರೆ. ಇದು ಕೆಲವರಲ್ಲಿ ಎದೆ ಡವಗುಟ್ಟುವಂತೆಯೂ ಏದುಸಿರು ಬರುವಂತೆಯೂ ಮಾಡುತ್ತದೆ. ಮತ್ತೆ ಕೆಲವರಲ್ಲಿ ಏನೊಂದು ಸೂಚನೆಯನ್ನೂ ಕೊಡದೆ ವರ್ಷಗಟ್ಟಲೆ ಅಡಗಿದ್ದು, ಒಂದು ದಿನ ಪಾರ್ಶ್ವವಾಯುವಿನ ರೂಪದಲ್ಲಿ ಪ್ರಕಟವಾಗುತ್ತದೆ.

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯ ಹೆಸರು ಕನ್ನಡ ವಾಚಕರಿಗೆ ಪರಿಚಿತವಾಗಿರುವುದು ವೈದ್ಯರೂ ಕಥೆಗಾರರೂ ಆಗಿದ್ದ ಬೆಸಗರಹಳ್ಳಿ ರಾಮಣ್ಣನವರ ಮೂಲಕ. ಅಂಥ ಊರಿನ ಮಧ್ಯವಯಸ್ಸಿನ ರೈತನೊಬ್ಬನ ನಾಡಿ ಹೀಗೆ ಲಯ ತಪ್ಪಿದೆಯೆಂದು ಭಾವಿಸೋಣ. ಅವನ ಮಗನೋ ಅಳಿಯನೋ ಬೆಂಗಳೂರಿನಿಂದ ಒಂದು ಸುದ್ದಿ ತರುತ್ತಾನೆ: ಎದೆಯನ್ನು ಕೊಯ್ಯದೆ, ತೊಡೆಯ ರಕ್ತನಾಳದ ಮೂಲಕ ಸಣ್ಣದೊಂದು ನಳಿಕೆಯನ್ನು ಹೃದಯದವರೆಗೆ ಕಳುಹಿಸಿ, ದೋಷವಿರುವ ಜಾಗವನ್ನು ಹೆಪ್ಪುಗಟ್ಟಿಸಿ ಗುಣಪಡಿಸುವ ಚಿಕಿತ್ಸೆಯೊಂದು ಬಂದಿದೆಯಂತೆ. ಸುದ್ದಿ ನಿಜ. ಆದರೆ ಅದು ಈ ರೈತನಿಗೆ ಒದಗುತ್ತದೆಯೇ? ಹೃದಯದಂಥ ಬೆಚ್ಚನೆಯ, ಸದಾ ಚಲಿಸುವ ಅಂಗದೊಳಗೆ ಹಿಮವನ್ನು ಹುಟ್ಟಿಸುವುದು ಹೇಗೆ? ಸುಡುವ ಬದಲು ಹೆಪ್ಪುಗಟ್ಟಿಸುವುದರಿಂದ ಲಾಭವೇನು? ಈ ಪ್ರಶ್ನೆಗಳಿಗೆ ಉತ್ತರ ಹೇಳುವುದು ಪ್ರಕೃತ ಲೇಖನದ ಉದ್ದೇಶ.

೧. ಹೃದಯದ ವಿದ್ಯುನ್ಮಾರ್ಗಗಳು

ಹೃದಯವು ನಾಲ್ಕು ಕೋಣೆಗಳ ಸ್ನಾಯುಚೀಲ. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಈ ಸ್ನಾಯು ಸಂಕೋಚಗೊಳ್ಳಬೇಕಾದರೆ ಅದಕ್ಕೆ ವಿದ್ಯುತ್ಪ್ರಚೋದನೆ ಬೇಕು. ಆ ಪ್ರಚೋದನೆ ಹೊರಗಿನಿಂದ ಬರುವುದಿಲ್ಲ. ಬಲ ಹೃತ್ಕರ್ಣಕ್ಕೆ ಊರ್ಧ್ವ ಮಹಾಸಿರೆ ಸೇರುವ ಎಡೆಯಲ್ಲಿರುವ ಒಂದು ಪುಟ್ಟ ಜೀವಕೋಶಸಮೂಹದಲ್ಲಿ ತಾನಾಗಿ ಹುಟ್ಟುತ್ತದೆ. ಇದನ್ನು ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಎಂಬವರು ೧೯೦೭ರಲ್ಲಿ ವರ್ಣಿಸಿದರು. ಇದಕ್ಕೆ ಸೈನಸ್ ಗಂಟು ಎಂದು ಹೆಸರು. ಇಲ್ಲಿ ಹುಟ್ಟಿದ ಅಲೆ ಎರಡು ಹೃತ್ಕರ್ಣಗಳಲ್ಲಿ ಹರಡಿ, ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ಇರುವ ಇನ್ನೊಂದು ಗಂಟನ್ನು ತಲುಪುತ್ತದೆ. ಜಪಾನಿನ ಸುನಾವೊ ತವಾರಾ ೧೯೦೬ರಲ್ಲಿ ವಿವರಿಸಿದ ಈ ಎರಡನೆಯ ಗಂಟಿನಲ್ಲಿ ಅಲೆಯು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡೆದು ನಿಲ್ಲುತ್ತದೆ. ಆ ವಿರಾಮದಲ್ಲಿ ಹೃತ್ಕರ್ಣಗಳು ತಮ್ಮ ರಕ್ತವನ್ನು ಕೆಳಕ್ಕೆ ಒತ್ತುತ್ತವೆ. ಆಮೇಲೆ ಅಲೆಯು ತಂತುಗಳ ಮಾರ್ಗವಾಗಿ ಹೃತ್ಕುಕ್ಷಿಗಳಿಗೆ ಇಳಿದು ಅವನ್ನು ಸಂಕೋಚಗೊಳಿಸುತ್ತದೆ.

ಮಂಡ್ಯದ ಸೀಮೆಯವರಿಗೆ ಇದನ್ನು ತಿಳಿಯಲು ವಿಶ್ವೇಶ್ವರಯ್ಯ ನಾಲೆಯ ಬಯಲನ್ನು ನೆನೆದರೆ ಸಾಕು. ನೀರು ನಾಲೆಯಿಂದ ತೂಬಿಗೆ, ತೂಬಿನಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ಕ್ರಮವಾಗಿ ಇಳಿಯುವವರೆಗೆ ಬೇಸಾಯ ಸುಗಮ. ಸೈನಸ್ ಗಂಟು ನೀರಿನ ಮೂಲವಾದರೆ ನಡುವಿನ ಗಂಟು ತೂಬಿನಂತೆ ಹರಿವನ್ನು ಹತೋಟಿಯಲ್ಲಿಡುತ್ತದೆ. ಎಲ್ಲೋ ಬದು ಒಡೆದು ನೀರು ಮತ್ತೆ ಮೇಲಿನ ಗದ್ದೆಗೇ ಸುತ್ತಿ ಬರತೊಡಗಿದರೆ, ಅಥವಾ ನಾಲ್ಕಾರು ಕಡೆಯಿಂದ ಲೆಕ್ಕವಿಲ್ಲದೆ ನುಗ್ಗಿದರೆ ಬಯಲೆಲ್ಲ ಅಸ್ತವ್ಯಸ್ತವಾಗುತ್ತದೆ. ಹೃದಯದ ಬಹುತೇಕ ಶೀಘ್ರಲಯದೋಷಗಳನ್ನು ಈ ಎರಡು ಬಗೆಗಳಲ್ಲಿ ಅಡಗಿಸಬಹುದು. ಒಂದರಲ್ಲಿ ವಿದ್ಯುದಲೆ ಒಂದೇ ವರ್ತುಲದಲ್ಲಿ ಸುತ್ತುತ್ತಿರುತ್ತದೆ; ಇನ್ನೊಂದರಲ್ಲಿ ಮೂಲವಲ್ಲದ ಜಾಗಗಳಿಂದ ಪ್ರಚೋದನೆಗಳು ಹೊರಡುತ್ತವೆ.

ಹೃತ್ಕರ್ಣ ಕಂಪನದಲ್ಲಿ ಮೇಲಿನ ಕೋಣೆಗಳ ವಿದ್ಯುತ್ಕ್ರಿಯೆ ನಿಮಿಷಕ್ಕೆ ೩೫೦ರಿಂದ ೬೦೦ರವರೆಗೆ ಏರುತ್ತದೆ. ಸ್ನಾಯು ಒಟ್ಟಾಗಿ ಸಂಕೋಚಗೊಳ್ಳದೆ ಅದಿರುತ್ತಿರುತ್ತದೆ. ನಡುವಿನ ಗಂಟು ಇದರಲ್ಲಿ ಕೆಲವನ್ನು ಮಾತ್ರ ಕೆಳಕ್ಕೆ ಬಿಡುವುದರಿಂದ ಪ್ರಾಣ ಉಳಿಯುತ್ತದೆ. ಆದರೆ ನಾಡಿ ಲಯ ತಪ್ಪುತ್ತದೆ. ಇದಕ್ಕಿಂತ ಗಂಭೀರವಾದ ಸಂಗತಿಯೊಂದುಂಟು. ಎಡ ಹೃತ್ಕರ್ಣಕ್ಕೆ ಅಂಟಿಕೊಂಡಿರುವ, ಕಿವಿಯ ಆಕಾರದ ಒಂದು ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ತುಣುಕು ಸಡಿಲಗೊಂಡು ಮಿದುಳಿನ ರಕ್ತನಾಳಕ್ಕೆ ಸಿಕ್ಕಿಕೊಂಡರೆ ಪಾರ್ಶ್ವವಾಯು ಬಡಿಯುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರನ್ನು ದೀರ್ಘಕಾಲ ಗಮನಿಸಿದವರು ೧೯೭೮ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಕವಾಟದ ರೋಗವಿಲ್ಲದವರಲ್ಲಿ ಈ ಕಂಪನವು ಪಾರ್ಶ್ವವಾಯುವಿನ ಸಂಭವವನ್ನು ಐದು ಪಟ್ಟಿಗಿಂತ ಹೆಚ್ಚಿಸುತ್ತದೆ. ಕೀಲುಜ್ವರದಿಂದ ಕವಾಟ ಕೆಟ್ಟವರಲ್ಲಿ ಹದಿನೇಳು ಪಟ್ಟು ಹೆಚ್ಚಿಸುತ್ತದೆ. ಈ ಎರಡು ಸಂಖ್ಯೆಗಳ ಅಂತರವನ್ನು ವಾಚಕರು ನೆನಪಿನಲ್ಲಿಡಬೇಕು. ಲೇಖನದ ಕೊನೆಯಲ್ಲಿ ಅದರ ಪ್ರಸ್ತಾಪ ಮತ್ತೆ ಬರುತ್ತದೆ.

೨. ಕತ್ತಿಯಿಂದ ನಳಿಕೆಗೆ

ಲಯದೋಷಕ್ಕೆ ಬಹುಕಾಲ ಔಷಧವೊಂದೇ ಮಾರ್ಗವಾಗಿತ್ತು. ದೋಷದ ಮಾರ್ಗವನ್ನೇ ಕಡಿದುಹಾಕಬಹುದೆಂದು ಮೊದಲು ತೋರಿಸಿದವರು ಶಸ್ತ್ರವೈದ್ಯರು. ೧೯೬೮ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ವಿಲ್ ಸೀಲಿ ಎಂಬ ಶಸ್ತ್ರವೈದ್ಯರು ಒಬ್ಬ ಬೆಸ್ತನ ಎದೆಯನ್ನು ತೆರೆದು, ಅವನ ಹೃದಯದಲ್ಲಿ ಹುಟ್ಟಿನಿಂದಲೇ ಇದ್ದ ಒಂದು ಹೆಚ್ಚುವರಿ ವಿದ್ಯುನ್ಮಾರ್ಗವನ್ನು ಕತ್ತರಿಸಿದರು. ಲಯದೋಷ ನಿಂತುಹೋಯಿತು. ರೋಗವನ್ನು ಅದುಮಿಡುವುದಕ್ಕೂ ಅದರ ನೆಲೆಯನ್ನೇ ಅಳಿಸುವುದಕ್ಕೂ ಇರುವ ಅಂತರ ಅಂದು ಸ್ಪಷ್ಟವಾಯಿತು.

ಶೈತ್ಯವು ಈ ರಂಗಕ್ಕೆ ಬಂದುದು ನರಶಸ್ತ್ರವೈದ್ಯದ ಕಡೆಯಿಂದ. ನ್ಯೂಯಾರ್ಕಿನ ಇರ್ವಿಂಗ್ ಕೂಪರ್ ೧೯೬೧ರಲ್ಲಿ ದ್ರವ ಸಾರಜನಕ ಹರಿಯುವ ಸಲಾಕೆಯೊಂದನ್ನು ರೂಪಿಸಿ, ಪಾರ್ಕಿನ್‌ಸನ್ ರೋಗಿಗಳ ಮಿದುಳಿನ ಆಳದ ಒಂದು ಬಿಂದುವನ್ನು ಹೆಪ್ಪುಗಟ್ಟಿಸಿ ನಡುಕವನ್ನು ತಗ್ಗಿಸತೊಡಗಿದರು. ೧೯೭೭ರಲ್ಲಿ ಡ್ಯೂಕ್‌ನ ಗಲ್ಲಗರ್ ಮತ್ತು ಅವರ ಸಂಗಡಿಗರು ತೆರೆದ ಹೃದಯದ ಮೇಲೆ ಶೀತಲ ಸಲಾಕೆಯನ್ನು ಒತ್ತಿ ನಡುವಿನ ಗಂಟಿನ ವಾಹಕತೆಯನ್ನು ನಿಲ್ಲಿಸಿದ ವರದಿಯನ್ನು ಪ್ರಕಟಿಸಿದರು.

ಎದೆಯನ್ನು ತೆರೆಯದೆಯೇ ಈ ಕಾರ್ಯವನ್ನು ಸಾಧಿಸುವುದು ಮುಂದಿನ ಹೆಜ್ಜೆ. ೧೯೮೨ರಲ್ಲಿ ಕ್ಯಾಥೆಟರ್ ಎಂಬ ಬಳುಕುವ ನಳಿಕೆಯ ತುದಿಯಿಂದ ಪ್ರಬಲ ವಿದ್ಯುದಾಘಾತವನ್ನು ಕೊಟ್ಟು ಗಂಟನ್ನು ನಾಶಪಡಿಸಲಾಯಿತು. ಆ ದಶಕ ಮುಗಿಯುವುದರೊಳಗೆ ಆಘಾತದ ಸ್ಥಾನಕ್ಕೆ ರೇಡಿಯೊ ತರಂಗಗಳ ಉಷ್ಣ ಬಂತು. ನಳಿಕೆಯ ತುದಿ ತಾಗಿದ ಅಂಗಾಂಶವನ್ನು ಈ ಉಷ್ಣ ಬೇಯಿಸಿ ಕಲೆಯಾಗಿ ಮಾಡುತ್ತದೆ. ಈ ಕ್ರಮ ಇಂದಿಗೂ ಬಳಕೆಯಲ್ಲಿದ್ದು ಅನೇಕ ಲಯದೋಷಗಳನ್ನು ಶಾಶ್ವತವಾಗಿ ಗುಣಪಡಿಸುತ್ತದೆ. ಇದರ ಜೊತೆಗೇ ಬೆಳೆದು ಬಂದ ಇನ್ನೊಂದು ಕ್ರಮವೇ ಕ್ರಯೋಅಬ್ಲೇಷನ್. ಕನ್ನಡದಲ್ಲಿ ಅದನ್ನು ಶೈತ್ಯಚಿಕಿತ್ಸೆಯೆಂದು ಕರೆಯಬಹುದು.

೩. ಶೈತ್ಯ ಹುಟ್ಟುವ ಬಗೆ, ಕೆಲಸ ಮಾಡುವ ಬಗೆ

ಇಲ್ಲಿ ಬಳಸುವ ಶೀತಕ ನೈಟ್ರಸ್ ಆಕ್ಸೈಡ್. ಅರಿವಳಿಕೆಯಲ್ಲಿ ನಗೆ ಅನಿಲವೆಂದು ಹೆಸರಾದ ಅನಿಲವೇ ಇದು. ಸಾಮಾನ್ಯ ಒತ್ತಡದಲ್ಲಿ ಇದರ ಕುದಿಬಿಂದು ಸೊನ್ನೆಗಿಂತ ೮೮ ಡಿಗ್ರಿ ಸೆಂಟಿಗ್ರೇಡ್ ಕೆಳಗೆ. ಹೆಚ್ಚಿನ ಒತ್ತಡದಲ್ಲಿ ದ್ರವವಾಗಿರುವ ಇದನ್ನು ಕ್ಯಾಥೆಟರಿನ ಒಳಗಿನ ಅತಿ ಸಣ್ಣ ಕೊಳವೆಯ ಮೂಲಕ ತುದಿಗೆ ಕಳುಹಿಸುತ್ತಾರೆ. ಅಲ್ಲಿ ಕೊಳವೆ ಒಮ್ಮೆಲೇ ಅಗಲವಾಗುವುದರಿಂದ ಒತ್ತಡ ಇಳಿದು ದ್ರವವು ಅನಿಲವಾಗಿ ಹಿಗ್ಗುತ್ತದೆ. ದ್ರವ ಆವಿಯಾಗಲು ಉಷ್ಣ ಬೇಕು. ಅದನ್ನು ಅದು ಸುತ್ತಲಿನಿಂದ ಸೆಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯ ಮೈಯಿಂದ ನೀರು ಆರುವಾಗ ಒಳಗಿನ ನೀರು ತಣ್ಣಗಾಗುವುದು ಇದೇ ತತ್ತ್ವದಿಂದ. ಒತ್ತಡವಿಳಿದ ಅನಿಲ ಹಿಗ್ಗುವಾಗಲೂ ತಣ್ಣಗಾಗುವುದುಂಟು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜೂಲ್ ಮತ್ತು ಥಾಮ್ಸನ್ ಅದನ್ನು ತೋರಿಸಿದ್ದರು. ಬಳಸಿದ ಅನಿಲವು ಮತ್ತೊಂದು ಕೊಳವೆಯ ಮೂಲಕ ಯಂತ್ರಕ್ಕೆ ಮರಳುತ್ತದೆ. ಹೀಗೆ ಶೈತ್ಯವನ್ನು ಹೊರಗಿನಿಂದ ಹೃದಯಕ್ಕೆ ಹೊತ್ತೊಯ್ಯುವ ಅಗತ್ಯವೇ ಇಲ್ಲ; ಅದು ಬೇಕಾದ ಎಡೆಯಲ್ಲಿಯೇ ಹುಟ್ಟುತ್ತದೆ.

ತಣ್ಣಗಾದ ಜೀವಕೋಶದಲ್ಲಿ ನಡೆಯುವ ಬದಲಾವಣೆ ಹಂತಹಂತವಾದುದು. ಮೊದಲು ಅದರ ವಿದ್ಯುತ್ಕ್ರಿಯೆ ನಿಧಾನವಾಗಿ, ಬಳಿಕ ನಿಂತುಹೋಗುತ್ತದೆ. ಕೋಶ ಮಾತ್ರ ಜೀವಂತವಾಗಿಯೇ ಇರುತ್ತದೆ. ಉಷ್ಣತೆ ಇನ್ನೂ ಇಳಿದಾಗ ಕೋಶಗಳ ಹೊರಗಿನ ದ್ರವ ಹಿಮವಾಗುತ್ತದೆ. ಹಿಮವಾಗದೆ ಉಳಿದ ದ್ರವದಲ್ಲಿ ಲವಣ ಸಾಂದ್ರವಾಗಿ, ಅದು ಕೋಶದೊಳಗಿನ ನೀರನ್ನು ಹೊರಕ್ಕೆಳೆಯುತ್ತದೆ. ಮತ್ತೂ ವೇಗವಾಗಿ ತಣಿದರೆ ಕೋಶದ ಒಳಗೂ ಹಿಮದ ಹರಳುಗಳು ಕಟ್ಟಿ ಒಳರಚನೆಯನ್ನು ಮುರಿಯುತ್ತವೆ. ಕರಗುವಾಗ ಸಣ್ಣ ಹರಳುಗಳು ಕೂಡಿ ದೊಡ್ಡವಾಗುವುದರಿಂದ ಹಾನಿ ಇನ್ನಷ್ಟು ಹೆಚ್ಚುತ್ತದೆ. ಕೆಲವು ವಾರಗಳಲ್ಲಿ ಆ ಜಾಗದಲ್ಲಿ ವಿದ್ಯುತ್ತನ್ನು ಹಾಯಿಸದ ನಾರಿನ ಕಲೆ ಬೆಳೆಯುತ್ತದೆ. ಅಂಗಾಂಶವನ್ನು ಹೆಣೆದಿರುವ ಕೊಲಾಜೆನ್ ನಾರುಗಳು ಮಾತ್ರ ಶೈತ್ಯಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಆದ್ದರಿಂದ ಕಲೆಯ ಅಂಚು ನಯವಾಗಿರುತ್ತದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟುವ ಸಂಭವ ಉಷ್ಣದ ಕಲೆಗಿಂತ ಕಡಿಮೆಯೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ಶೈತ್ಯದ ಅತ್ಯಂತ ಬೆಲೆಯುಳ್ಳ ಗುಣವು ಮೇಲೆ ಹೇಳಿದ ಮೊದಲ ಹಂತದಲ್ಲಿದೆ. ಬೆಂದ ಕೋಶ ಮತ್ತೆ ಬದುಕದು. ಆದರೆ ಸ್ವಲ್ಪ ಕಾಲ ಮಾತ್ರ ತಣಿಸಿದ ಕೋಶ, ಬೆಚ್ಚಗಾದೊಡನೆ ತನ್ನ ಕೆಲಸಕ್ಕೆ ಮರಳುತ್ತದೆ. ಅಂದರೆ ನಾಶಮಾಡುವುದಕ್ಕೆ ಮುಂಚೆ, ನಾಶಮಾಡಿದರೆ ಏನಾಗುವುದೆಂದು ಪರೀಕ್ಷಿಸಿ ನೋಡಲು ವೈದ್ಯನಿಗೆ ಅವಕಾಶ ದೊರೆಯುತ್ತದೆ.

೪. ಗಂಟಿನ ನೆರೆಯಲ್ಲಿ

ಈ ಅವಕಾಶದ ಪ್ರಯೋಜನ ಎಷ್ಟೆಂಬುದು ಒಂದು ಸಾಮಾನ್ಯ ಲಯದೋಷದಿಂದ ತಿಳಿಯುತ್ತದೆ. ಕೆಲವರಲ್ಲಿ, ವಿಶೇಷವಾಗಿ ಯುವಕ ಯುವತಿಯರಲ್ಲಿ, ನಡುವಿನ ಗಂಟಿಗೆ ಬರುವ ದಾರಿ ಎರಡು ಕವಲಾಗಿರುತ್ತದೆ. ಒಂದು ಶೀಘ್ರ, ಇನ್ನೊಂದು ಮಂದ. ವಿದ್ಯುದಲೆಯು ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಏರಿ ಸುತ್ತತೊಡಗಿದರೆ, ಕುಳಿತಲ್ಲಿಯೇ ನಾಡಿ ನಿಮಿಷಕ್ಕೆ ೧೮೦ರ ಸುಮಾರಿಗೆ ಹಾರುತ್ತದೆ. ಕೆಲ ಹೊತ್ತಿನ ಮೇಲೆ ಥಟ್ಟನೆ ನಿಲ್ಲುತ್ತದೆ. ಮಂದವಾದ ಕವಲನ್ನು ಅಳಿಸಿದರೆ ರೋಗ ಗುಣವಾಗುತ್ತದೆ. ಆದರೆ ಆ ಕವಲು ಗಂಟಿನಿಂದ ಕೆಲವೇ ಮಿಲಿಮೀಟರುಗಳ ದೂರದಲ್ಲಿರುತ್ತದೆ. ಕೈ ತಪ್ಪಿ ಗಂಟೇ ಬೆಂದುಹೋದರೆ ಮೇಲಿನ ಅಲೆ ಕೆಳಗಿಳಿಯಲಾರದು. ರೋಗಿಗೆ ಜೀವಮಾನವೆಲ್ಲ ಕೃತಕ ಮಿಡಿತಯಂತ್ರವನ್ನು, ಅಂದರೆ ಪೇಸ್‌ಮೇಕರನ್ನು, ಇಡಬೇಕಾಗುತ್ತದೆ. ಇಪ್ಪತ್ತು ವರ್ಷದ ವಿದ್ಯಾರ್ಥಿನಿಯ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ಶೈತ್ಯದ ಕ್ಯಾಥೆಟರಿನಲ್ಲಿ ವೈದ್ಯರು ಮೊದಲು ತುದಿಯನ್ನು ಮೈನಸ್ ೩೦ ಡಿಗ್ರಿಯವರೆಗೆ ಮಾತ್ರ ಇಳಿಸಿ ಒಂದು ನಿಮಿಷದೊಳಗೆ ಪರಿಣಾಮವನ್ನು ನೋಡುತ್ತಾರೆ. ಗಂಟಿನ ವಾಹಕತೆ ಕುಂದುವ ಲಕ್ಷಣ ಕಂಡರೆ ತಣಿಸುವುದನ್ನು ನಿಲ್ಲಿಸುತ್ತಾರೆ; ಗಂಟು ಚೇತರಿಸಿಕೊಳ್ಳುತ್ತದೆ. ದೋಷದ ಕವಲಷ್ಟೇ ಸ್ತಬ್ಧವಾಗಿದ್ದರೆ ಉಷ್ಣತೆಯನ್ನು ಮೈನಸ್ ೭೦ ಡಿಗ್ರಿಗೂ ಕೆಳಕ್ಕೆ ಇಳಿಸಿ, ಸುಮಾರು ನಾಲ್ಕು ನಿಮಿಷ ಹಿಡಿದು, ಕಲೆಯನ್ನು ಶಾಶ್ವತಗೊಳಿಸುತ್ತಾರೆ. ಹೆಪ್ಪುಗಟ್ಟಿದ ತುದಿ ಅಂಗಾಂಶಕ್ಕೆ ಅಂಟಿಕೊಳ್ಳುವುದರಿಂದ ಹೃದಯ ಎಷ್ಟೇ ಮಿಡಿದರೂ ಜಾರುವುದಿಲ್ಲ.

ಈ ಕ್ಷೇಮಕ್ಕೆ ಬೆಲೆಯೂ ಉಂಟು. ೨೦೧೦ರಲ್ಲಿ ಪ್ರಕಟವಾದ, ೫೦೯ ರೋಗಿಗಳನ್ನೊಳಗೊಂಡ ಒಂದು ತುಲನಾತ್ಮಕ ಅಧ್ಯಯನದಲ್ಲಿ ಶೈತ್ಯದಿಂದ ಚಿಕಿತ್ಸೆ ಪಡೆದವರಲ್ಲಿ ಶೇಕಡ ೯.೪ರಷ್ಟು ಮಂದಿಗೆ ಆರು ತಿಂಗಳೊಳಗೆ ರೋಗ ಮರುಕಳಿಸಿತು. ಉಷ್ಣದಿಂದ ಚಿಕಿತ್ಸೆ ಪಡೆದವರಲ್ಲಿ ಶೇಕಡ ೪.೪ರಷ್ಟು ಮಂದಿಗೆ. ಇತ್ತ ಗಂಟಿಗೆ ಶಾಶ್ವತ ಹಾನಿಯಾದುದು ಉಷ್ಣದ ಗುಂಪಿನಲ್ಲಿ ಒಬ್ಬರಿಗೆ, ಶೈತ್ಯದ ಗುಂಪಿನಲ್ಲಿ ಯಾರಿಗೂ ಇಲ್ಲ. ಮರುಕಳಿಸಿದ ರೋಗಕ್ಕೆ ಮತ್ತೊಮ್ಮೆ ಚಿಕಿತ್ಸೆ ಮಾಡಬಹುದು. ನಷ್ಟವಾದ ಗಂಟನ್ನು ಮರಳಿ ತರಲಾಗದು. ದೋಷದ ನೆಲೆ ಗಂಟಿಗೆ ತೀರ ಹತ್ತಿರವಿರುವವರಲ್ಲಿಯೂ ಮಕ್ಕಳಲ್ಲಿಯೂ ಅನೇಕ ವೈದ್ಯರು ಶೈತ್ಯವನ್ನು ಆರಿಸಿಕೊಳ್ಳುವುದು ಈ ಲೆಕ್ಕದಿಂದ.

೫. ಅಭಿಧಮನಿಗಳ ಬಾಯಿಯಲ್ಲಿ

ಇನ್ನು ಹೃತ್ಕರ್ಣ ಕಂಪನದ ವಿಚಾರ. ಈ ಕಂಪನ ಹೃತ್ಕರ್ಣದ ತುಂಬ ಹರಡಿರುವುದರಿಂದ ಇದಕ್ಕೆ ನಿರ್ದಿಷ್ಟ ನೆಲೆಯಿರಲಾರದೆಂದು ಬಹುಕಾಲ ಭಾವಿಸಲಾಗಿತ್ತು. ೧೯೯೮ರಲ್ಲಿ ಫ್ರಾನ್ಸಿನ ಬೋರ್ಡೊ ನಗರದ ಮಿಶೆಲ್ ಎಸಾಗೆರ್ ಮತ್ತು ಸಂಗಡಿಗರು ಈ ಭಾವನೆಯನ್ನು ಬದಲಿಸಿದರು. ಆಗಾಗ ಬಂದು ಹೋಗುವ ಕಂಪನವಿದ್ದ ೪೫ ರೋಗಿಗಳಲ್ಲಿ ಅದನ್ನು ಹೊತ್ತಿಸುವ ೬೯ ಬಿಂದುಗಳನ್ನು ಅವರು ಗುರುತಿಸಿದರು. ಅವುಗಳಲ್ಲಿ ಶೇಕಡ ೯೪ರಷ್ಟು ಇದ್ದುದು ಪುಪ್ಫುಸ ಅಭಿಧಮನಿಗಳಲ್ಲಿ. ಅಂದರೆ ಶ್ವಾಸಕೋಶಗಳಿಂದ ಶುದ್ಧರಕ್ತವನ್ನು ಎಡ ಹೃತ್ಕರ್ಣಕ್ಕೆ ತರುವ ನಾಳಗಳಲ್ಲಿ. ಸಾಮಾನ್ಯವಾಗಿ ನಾಲ್ಕಿರುವ ಈ ನಾಳಗಳೊಳಕ್ಕೆ ಹೃತ್ಕರ್ಣದ ಸ್ನಾಯು ತೋಳಿನಂತೆ ಸ್ವಲ್ಪ ದೂರ ಚಾಚಿಕೊಂಡಿರುತ್ತದೆ. ಆ ತೋಳಿನಿಂದಲೇ ಅಕಾಲದ ಪ್ರಚೋದನೆಗಳು ಹೊರಟು ಹೃತ್ಕರ್ಣಕ್ಕೆ ನುಗ್ಗುತ್ತವೆ.

ಹೀಗಾದರೆ ಮಾಡಬೇಕಾದುದು ಸ್ಪಷ್ಟ. ನಾಳದ ಬಾಯಿಯ ಸುತ್ತ ಉಂಗುರದಂಥ ಕಲೆಯನ್ನು ಕಟ್ಟಿದರೆ ಒಳಗಿನ ಪ್ರಚೋದನೆ ಒಳಗೇ ಉಳಿಯುತ್ತದೆ. ನುಗ್ಗುವ ನೀರಿಗೆ ಸುತ್ತ ಬದು ಕಟ್ಟಿದ ಹಾಗೆ. ರೇಡಿಯೊ ತರಂಗದಿಂದ ಇದನ್ನು ಮಾಡುವಾಗ ಬಿಂದುವಿನ ಪಕ್ಕದಲ್ಲಿ ಬಿಂದುವನ್ನು ಸುಡುತ್ತ ವರ್ತುಲವನ್ನು ಮುಗಿಸಬೇಕು. ಒಂದೆಡೆ ಸಂದಿ ಉಳಿದರೂ ಬದು ಸೋರುತ್ತದೆ. ಶೈತ್ಯದ ಕ್ರಮದಲ್ಲಿ ನಳಿಕೆಯ ತುದಿಯಲ್ಲಿ ಬಲೂನು ಇರುತ್ತದೆ. ಹೆಚ್ಚಾಗಿ ಬಳಸುವ ಬಲೂನಿನ ವ್ಯಾಸ ೨೮ ಮಿಲಿಮೀಟರು. ಒಳಗಿನದು ಒಡೆದರೂ ಅನಿಲ ರಕ್ತಕ್ಕೆ ಸೇರದಂತೆ ಅದರ ಹೊರಗೆ ಇನ್ನೊಂದು ಬಲೂನಿನ ಹೊದಿಕೆ ಉಂಟು.

ಚಿಕಿತ್ಸೆ ನಡೆಯುವ ಕ್ರಮ ಹೀಗೆ: ತೊಡೆಸಂದಿಯ ಅಭಿಧಮನಿಯಿಂದ ನಳಿಕೆಯನ್ನು ಬಲ ಹೃತ್ಕರ್ಣಕ್ಕೆ ಏರಿಸಿ, ಎರಡು ಹೃತ್ಕರ್ಣಗಳ ನಡುವಿನ ತೆಳುಗೋಡೆಯನ್ನು ಸೂಜಿಯಿಂದ ಚುಚ್ಚಿ ಎಡಕ್ಕೆ ದಾಟಿಸುತ್ತಾರೆ. ಹೆಪ್ಪುಗಟ್ಟದಂತೆ ರಕ್ತಕ್ಕೆ ಹೆಪಾರಿನ್ ಕೊಟ್ಟಿರುತ್ತಾರೆ. ಬಲೂನನ್ನು ಹಿಗ್ಗಿಸಿ ನಾಳದ ಬಾಯಿಗೆ ಬಿರಡೆಯಂತೆ ಒತ್ತುತ್ತಾರೆ. ಬಾಯಿ ಪೂರ್ತಿ ಮುಚ್ಚಿದೆಯೇ ಎಂಬುದನ್ನು ಎಕ್ಸ್‌ಕಿರಣದಲ್ಲಿ ಕಾಣುವ ದ್ರಾವಣವನ್ನು ಹಾಯಿಸಿ ನೋಡುತ್ತಾರೆ, ಏಕೆಂದರೆ ಸಂದಿಯಲ್ಲಿ ಬೆಚ್ಚನೆಯ ರಕ್ತ ಹರಿಯುತ್ತಿದ್ದರೆ ಆ ಪಕ್ಕ ಹೆಪ್ಪುಗಟ್ಟದು. ಆಮೇಲೆ ಸುಮಾರು ಮೂರರಿಂದ ನಾಲ್ಕು ನಿಮಿಷ ತಣಿಸುತ್ತಾರೆ. ಬಲೂನಿನ ಉಷ್ಣತೆ ಸಾಮಾನ್ಯವಾಗಿ ಮೈನಸ್ ೪೦ರಿಂದ ಮೈನಸ್ ೫೫ ಡಿಗ್ರಿಯವರೆಗೆ ಇಳಿಯುತ್ತದೆ. ಬಲೂನಿನ ನಡುವೆ ಹಾದುಹೋಗುವ ಸಣ್ಣದೊಂದು ಸುರುಳಿತಂತಿ ನಾಳದೊಳಗಿನ ವಿದ್ಯುತ್ಸಂಕೇತವನ್ನು ತೋರಿಸುತ್ತಿರುತ್ತದೆ. ಆ ಸಂಕೇತ ಮಾಯವಾದಾಗ ಉಂಗುರ ಪೂರ್ಣವಾಯಿತೆಂದು ತಿಳಿಯುತ್ತಾರೆ.

ಬಲಗಡೆಯ ನಾಳಗಳನ್ನು ತಣಿಸುವಾಗ ಒಂದು ವಿಶೇಷ ಎಚ್ಚರಿಕೆ ಬೇಕು. ಉಸಿರಾಟದ ಮುಖ್ಯ ಸ್ನಾಯುವಾದ ವಪೆಗೆ ಹೋಗುವ ನರ ಆ ನಾಳಗಳ ಮಗ್ಗುಲಲ್ಲಿಯೇ ಇಳಿಯುತ್ತದೆ. ಅದಕ್ಕೂ ಶೈತ್ಯ ತಗುಲಿದರೆ ವಪೆಯ ಬಲ ಅರ್ಧ ಸ್ತಬ್ಧವಾಗುತ್ತದೆ. ಆದ್ದರಿಂದ ತಣಿಸುತ್ತಿರುವಷ್ಟು ಹೊತ್ತೂ ಆ ನರಕ್ಕೆ ಮೇಲಿನಿಂದ ಸಣ್ಣ ವಿದ್ಯುತ್ಪ್ರಚೋದನೆ ಕೊಡುತ್ತ, ರೋಗಿಯ ಬಲಪಕ್ಕೆಲುಬಿನ ಕೆಳಗೆ ಅಂಗೈಯಿಟ್ಟು ವಪೆಯ ಮಿಡಿತವನ್ನು ಗಮನಿಸುತ್ತಾರೆ. ಮಿಡಿತ ಕ್ಷೀಣಿಸಿದ ಕ್ಷಣವೇ ಶೈತ್ಯವನ್ನು ನಿಲ್ಲಿಸುತ್ತಾರೆ. ಇಷ್ಟೆಲ್ಲ ಯಂತ್ರಗಳ ನಡುವೆ ಕೊನೆಯ ಕಾವಲು ಮನುಷ್ಯನ ಅಂಗೈಯದು ಎಂಬುದು ಗಮನಿಸತಕ್ಕ ಸಂಗತಿ. ಇಲ್ಲಿಯೂ ಸಹಾಯಕ್ಕೆ ಬರುವುದು ಶೈತ್ಯದ ಅದೇ ಗುಣ: ಬೇಗ ಹಿಂದೆಗೆದರೆ ನರವು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ.

೬. ಫಲ ಮತ್ತು ಮಿತಿ

ಯಾವುದೇ ಹೊಸ ಚಿಕಿತ್ಸೆಯನ್ನು ಹಳೆಯದರೊಡನೆ ತೂಗಿ ನೋಡಬೇಕು. ೨೦೧೬ರಲ್ಲಿ ಪ್ರಕಟವಾದ 'ಫೈರ್ ಅಂಡ್ ಐಸ್' ಎಂಬ ಯೂರೋಪಿನ ಪರೀಕ್ಷೆಯಲ್ಲಿ, ಬಂದು ಹೋಗುವ ಕಂಪನವಿದ್ದ ೭೬೨ ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಶೈತ್ಯದ ಬಲೂನು, ಇನ್ನೊಂದಕ್ಕೆ ರೇಡಿಯೊ ತರಂಗದ ಚಿಕಿತ್ಸೆ ಕೊಟ್ಟರು. ವರ್ಷದೊಳಗೆ ಚಿಕಿತ್ಸೆ ವಿಫಲವಾದ ಪ್ರಮಾಣ ಶೈತ್ಯದಲ್ಲಿ ಶೇಕಡ ೩೪.೬, ಉಷ್ಣದಲ್ಲಿ ಶೇಕಡ ೩೫.೯. ಎರಡೂ ಸಮಬಲ. ಶೈತ್ಯದ ಕ್ರಮ ಸ್ವಲ್ಪ ಬೇಗ ಮುಗಿಯಿತು. ಆದರೆ ಎಕ್ಸ್‌ಕಿರಣದ ಬಳಕೆ ಹೆಚ್ಚಾಯಿತು. ಶೈತ್ಯದ ಗುಂಪಿನ ಶೇಕಡ ೨.೭ ಮಂದಿಗೆ ಆಸ್ಪತ್ರೆ ಬಿಡುವ ವೇಳೆಗೆ ವಪೆಯ ನರದ ದೌರ್ಬಲ್ಯವಿತ್ತು; ಇನ್ನೊಂದು ಗುಂಪಿನಲ್ಲಿ ಅದು ಯಾರಿಗೂ ಇರಲಿಲ್ಲ. ಇದಲ್ಲದೆ ಹೃದಯದ ಸುತ್ತ ರಕ್ತ ತುಂಬುವುದು, ಪಾರ್ಶ್ವವಾಯು, ತೀರ ವಿರಳವಾಗಿ ಅನ್ನನಾಳಕ್ಕೆ ರಂಧ್ರವಾಗುವುದು ಮುಂತಾದ ಅಪಾಯಗಳು ಎರಡು ಕ್ರಮಗಳಲ್ಲಿಯೂ ಉಂಟು.

ಕೆನಡಾದಲ್ಲಿ ನಡೆದು ೨೦೨೧ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ, ಮೊದಲ ಚಿಕಿತ್ಸೆಯಾಗಿ ಔಷಧ ಮೇಲೋ ಶೈತ್ಯ ಮೇಲೋ ಎಂದು ವಿಚಾರಿಸಿತು. ೩೦೩ ರೋಗಿಗಳ ಚರ್ಮದ ಕೆಳಗೆ ಲಯವನ್ನು ದಾಖಲಿಸುವ ಪುಟ್ಟ ಯಂತ್ರವನ್ನಿಟ್ಟು ವರ್ಷಪೂರ್ತಿ ಗಮನಿಸಿದರು. ಔಷಧದವರಲ್ಲಿ ಶೇಕಡ ೬೭.೮ ಮಂದಿಗೂ ಶೈತ್ಯದವರಲ್ಲಿ ಶೇಕಡ ೪೨.೯ ಮಂದಿಗೂ ಲಯದೋಷ ಮತ್ತೆ ಕಂಡಿತು. ಶೈತ್ಯ ಮೇಲೆಂಬುದು ನಿಶ್ಚಯವಾಯಿತು. ಪೂರ್ಣವಲ್ಲವೆಂಬುದೂ ಅದೇ ಅಂಕೆಗಳಿಂದ ವಿದಿತವಾಗುತ್ತದೆ. ನಾಳದ ಬಾಯಿಯ ಬದುವಿನಲ್ಲಿ ಕೆಲ ತಿಂಗಳ ಮೇಲೆ ಬಿರುಕು ಬಿಡುವುದು ಮರುಕಳಿಕೆಯ ಸಾಮಾನ್ಯ ಕಾರಣ. ಲಯ ಸರಿಯಾದರೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವನ್ನು ಕನಿಷ್ಠ ಎರಡು ಮೂರು ತಿಂಗಳು ಮುಂದುವರಿಸಬೇಕು. ವಯಸ್ಸು, ರಕ್ತದೊತ್ತಡ, ಮಧುಮೇಹ, ಹಿಂದೆ ಬಂದ ಪಾರ್ಶ್ವವಾಯು ಇವುಗಳಿಂದ ಅಪಾಯ ಹೆಚ್ಚಿರುವವರು ಅನಂತರವೂ ಅದನ್ನು ಬಿಡುವಂತಿಲ್ಲ.

ವಿಜ್ಞಾನವೂ ನಿಂತಿಲ್ಲ. ಅತಿ ಸ್ವಲ್ಪ ಕಾಲದ ಪ್ರಬಲ ವಿದ್ಯುತ್‌ಕ್ಷೇತ್ರದಿಂದ ಹೃದಯಸ್ನಾಯುವಿನ ಕೋಶಪೊರೆಗಳನ್ನು ಮಾತ್ರ ಛಿದ್ರಿಸುವ, ಉಷ್ಣವನ್ನೂ ಶೈತ್ಯವನ್ನೂ ಅಷ್ಟಾಗಿ ಅವಲಂಬಿಸದ ಹೊಸ ಕ್ರಮವೊಂದು ಇತ್ತೀಚಿನ ವರ್ಷಗಳಲ್ಲಿ ಬಳಕೆಗೆ ಬಂದಿದೆ. ಬಲೂನಿನ ಹಲವು ಕೆಲಸಗಳನ್ನು ಅದು ವಹಿಸಿಕೊಳ್ಳುತ್ತಿದೆ.

೭. ನಮ್ಮ ಸೀಮೆಯ ರೋಗಿ

ಈಗ ಬೆಸಗರಹಳ್ಳಿಯ ರೈತನ ಬಳಿಗೆ ಮರಳೋಣ. ಅವನಿಗೆ ಶೈತ್ಯಚಿಕಿತ್ಸೆ ತಕ್ಕುದೇ ಎಂಬ ಪ್ರಶ್ನೆಗೆ ಉತ್ತರವು ಅವನ ಕಂಪನದ ಮೂಲ ಯಾವುದು ಎಂಬುದನ್ನು ಅವಲಂಬಿಸಿದೆ. ಮೇಲೆ ಹೇಳಿದ ಪರೀಕ್ಷೆಗಳೆಲ್ಲ ನಡೆದುದು ಮುಖ್ಯವಾಗಿ ಕವಾಟದ ರೋಗವಿಲ್ಲದ, ಹೃತ್ಕರ್ಣ ಬಹಳ ಹಿಗ್ಗಿರದ ರೋಗಿಗಳಲ್ಲಿ. ನಮ್ಮ ದೇಶದಲ್ಲಿ ಇನ್ನೊಂದು ವರ್ಗವೂ ಉಂಟು. ಬಾಲ್ಯದಲ್ಲಿ ಸ್ಟ್ರೆಪ್ಟೊಕಾಕಸ್ ಜೀವಾಣುವಿನಿಂದ ಗಂಟಲು ನೋವು ಬಂದು, ಅದಕ್ಕೆ ತಕ್ಕ ಔಷಧ ಸಿಗದೆ, ಕೆಲ ವಾರಗಳ ಮೇಲೆ ಕೀಲುಜ್ವರ ಕಾಣಿಸಿಕೊಂಡು, ಅದು ಹೃದಯದ ಕವಾಟವನ್ನು ಕ್ರಮೇಣ ದಪ್ಪಗಾಗಿಸಿ ಕಿರಿದುಗೊಳಿಸಿದವರು ಇವರು. ಎಡಗಡೆಯ ದ್ವಿದಳ ಕವಾಟ ಕಿರಿದಾದಾಗ ಹೃತ್ಕರ್ಣದಲ್ಲಿ ರಕ್ತದ ಒತ್ತಡ ಹೆಚ್ಚಿ, ಅದು ಹಿಗ್ಗಿ, ಅದರ ಗೋಡೆಯಲ್ಲೆಲ್ಲ ನಾರು ಬೆಳೆಯುತ್ತದೆ. ಇಂಥ ಹೃತ್ಕರ್ಣದಲ್ಲಿ ಕಂಪನದ ನೆಲೆ ನಾಲ್ಕು ನಾಳಗಳ ಬಾಯಿಗೆ ಸೀಮಿತವಾಗಿರುವುದಿಲ್ಲ. ಬಯಲೆಲ್ಲ ಜೌಗಾದ ಮೇಲೆ ನಾಲ್ಕು ಕಡೆ ಬದು ಕಟ್ಟಿ ಫಲವೇನು?

ಇಂಥ ರೋಗಿಗೆ ಮೊದಲು ಬೇಕಾದುದು ಕವಾಟದ ಚಿಕಿತ್ಸೆ. ಅದಕ್ಕೂ ಎದೆಯನ್ನು ಕೊಯ್ಯದ ಬಲೂನಿನ ಮಾರ್ಗವೊಂದುಂಟು. ಜಪಾನಿನ ಕಾಂಜಿ ಇನೊವೆ ೧೯೮೪ರಲ್ಲಿ ವರದಿ ಮಾಡಿದ ಕ್ರಮ ಅದು. ಅದರಲ್ಲಿ ಬಲೂನು ತಣಿಸುವುದಿಲ್ಲ. ಕಿರಿದಾದ ಕವಾಟವನ್ನು ಹಿಗ್ಗಿಸಿ ಬಿಡಿಸುತ್ತದೆ. ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆ ಈ ಚಿಕಿತ್ಸೆಯಲ್ಲಿ ದೊಡ್ಡ ಅನುಭವವನ್ನು ಗಳಿಸಿ ಹೆಸರಾಗಿದೆ. ಮೈಸೂರಿನಲ್ಲಿಯೂ ಅದರ ಶಾಖೆಯಿದೆ. ಮದ್ದೂರು ಈ ಎರಡು ನಗರಗಳ ನಡುವಿನ ಹೆದ್ದಾರಿಯ ಮೇಲಿರುವುದರಿಂದ ನಮ್ಮ ರೈತನಿಗೆ ದೂರವು ದೊಡ್ಡ ಅಡ್ಡಿಯಲ್ಲ. ಕವಾಟವನ್ನು ಶಸ್ತ್ರಕ್ರಿಯೆಯಿಂದಲೇ ಬದಲಿಸಬೇಕಾದ ಸಂದರ್ಭದಲ್ಲಿ, ಎದೆ ತೆರೆದಿರುವಾಗಲೇ ಶೀತಲ ಸಲಾಕೆಯಿಂದ ಹೃತ್ಕರ್ಣದ ಗೋಡೆಯಲ್ಲಿ ಕಲೆಯ ರೇಖೆಗಳನ್ನೆಳೆದು ಕಂಪನಕ್ಕೂ ಚಿಕಿತ್ಸೆ ಮಾಡುವುದುಂಟು. ಜೇಮ್ಸ್ ಕಾಕ್ಸ್ ೧೯೮೭ರಲ್ಲಿ ಕತ್ತಿಯಿಂದ ಆರಂಭಿಸಿದ ಚಕ್ರವ್ಯೂಹದ ಕ್ರಮದ ರೂಪಾಂತರ ಅದು. ಹೀಗೆ ಶೈತ್ಯ ಅವನಿಗೆ ಒದಗಿದರೂ ಬೇರೆ ದಾರಿಯಿಂದ ಒದಗುತ್ತದೆ.

ಔಷಧದ ವಿಷಯದಲ್ಲಿಯೂ ಈ ವಿವೇಚನೆ ಅಗತ್ಯ. ಕವಾಟದ ರೋಗವಿಲ್ಲದ ಕಂಪನದಲ್ಲಿ ಹೆಪ್ಪುಗಟ್ಟುವುದನ್ನು ತಡೆಯಲು, ಪದೇಪದೇ ರಕ್ತಪರೀಕ್ಷೆ ಬೇಡದ ಹೊಸ ಮಾತ್ರೆಗಳು 'ವಾರ್ಫರಿನ್' ಎಂಬ ಹಳೆಯ ಮಾತ್ರೆಯ ಸ್ಥಾನವನ್ನು ಪಡೆದಿವೆ. ಕೀಲುಜ್ವರದ ಕವಾಟರೋಗದಲ್ಲಿ ಹಾಗಲ್ಲ. ಭಾರತವೂ ಸೇರಿದಂತೆ ೨೪ ದೇಶಗಳ ನಾಲ್ಕೂವರೆ ಸಾವಿರ ರೋಗಿಗಳ ಮೇಲೆ ನಡೆದು ೨೦೨೨ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೊಸ ಮಾತ್ರೆಯಾದ ರಿವರಾಕ್ಸಬಾನ್‌ಗಿಂತ ವಾರ್ಫರಿನ್ ವರ್ಗದ ಔಷಧವನ್ನು ಪಡೆದವರಲ್ಲಿ ಸಾವು ಕಡಿಮೆಯಾಗಿತ್ತು. ವಾರ್ಫರಿನ್ ನುಂಗುವವರು ನಿಯತವಾಗಿ ರಕ್ತಪರೀಕ್ಷೆ ಮಾಡಿಸಿಕೊಂಡು ಪ್ರಮಾಣವನ್ನು ಸರಿಪಡಿಸಿಕೊಳ್ಳುತ್ತಿರಬೇಕು. ಕಬ್ಬಿನ ಕಟಾವು ಬಂತೆಂದೋ ಕೈಯಲ್ಲಿ ಹಣವಿಲ್ಲವೆಂದೋ ಎರಡು ತಿಂಗಳು ಬಿಟ್ಟರೆ, ಅತ್ಯಂತ ಸೂಕ್ಷ್ಮವಾದ ಯಾವ ಯಂತ್ರವೂ ಆ ಲೋಪವನ್ನು ತುಂಬಲಾರದು.

ರೈತನ ಕವಾಟ ಸರಿಯಿದ್ದು, ಕಂಪನ ಬಂದು ಹೋಗುವ ಹಂತದಲ್ಲಿಯೇ ಇದ್ದರೆ ಮಾತು ಬೇರೆ. ಆಗ ನಾಳಗಳ ಬಾಯಿಗೆ ಕಲೆಯ ಉಂಗುರವನ್ನು ಕಟ್ಟುವ ಚಿಕಿತ್ಸೆ ಅವನಿಗೆ ನಿಜವಾಗಿಯೂ ಉಪಕಾರಿ. ತಡಮಾಡಿದಷ್ಟೂ ಅದರ ಫಲ ಕುಗ್ಗುತ್ತದೆ. ಕಂಪನವು ದೀರ್ಘಕಾಲ ಉಳಿದರೆ ತಾನೇ ಹೃತ್ಕರ್ಣವನ್ನು ಹಿಗ್ಗಿಸಿ ತನ್ನ ಬೇರನ್ನು ಗಟ್ಟಿ ಮಾಡಿಕೊಳ್ಳುತ್ತದೆ.

ಎರಡು ಬಗೆಯ ರೋಗಿಗಳಿಗೂ ಮೊದಲ ಹೆಜ್ಜೆ ಒಂದೇ. ಯಾರಾದರೂ ಅವನ ಮುಂಗೈ ಹಿಡಿದು ಒಂದು ನಿಮಿಷ ಪೂರ್ತಿ ನಾಡಿಯನ್ನು ನೋಡಬೇಕು. ಲಯ ತಪ್ಪಿದ್ದರೆ ವಿದ್ಯುತ್‌ಹೃಲ್ಲೇಖನವನ್ನೂ, ಅಂದರೆ ಇ.ಸಿ.ಜಿ.ಯನ್ನೂ, ಕವಾಟವನ್ನು ನೋಡುವ ಶ್ರವಣಾತೀತ ತರಂಗಗಳ ಪರೀಕ್ಷೆಯನ್ನೂ ಮಾಡಿಸಬೇಕು. ಗಂಟಲುನೋವು ಬಂದ ಮಗುವಿಗೆ ಪೆನಿಸಿಲಿನ್ ಸಿಕ್ಕರೆ, ಮುಂದೆ ಮೂವತ್ತು ವರ್ಷದ ಮೇಲೆ ಈ ಲೇಖನದಲ್ಲಿ ಹೇಳಿದ ಯಾವ ಬಲೂನೂ ಬೇಕಾಗದಿರಬಹುದು. ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ರಜೆಯಲ್ಲಿ ತಮ್ಮ ಊರಿಗೆ ಹೋದಾಗ ಮನೆಯ ಹಿರಿಯರ ನಾಡಿಯನ್ನು ಒಂದು ನಿಮಿಷ ಹಿಡಿದು ನೋಡುವುದಾದರೆ, ಮೇಲಿನ ವಿವರಣೆಯ ಶ್ರಮ ಸಾರ್ಥಕವಾದಂತೆ.